ದೊಡ್ಡ ಮರಗಳು ಏಕೆ ಸಾಯುತ್ತವೆ? ಇಂಗಾಲದ ಲೆಕ್ಕದಲ್ಲಿ ಅವುಗಳ ಸಾವಿನ ಬೆಲೆ ಎಷ್ಟು?

ಹೊಲದ ಬದುವಿನ ಹುಣಸೆ, ಹಿತ್ತಿಲಿನ ಹಲಸು, ಹಳ್ಳದ ದಡದ ಅತ್ತಿ, ಇವನ್ನು ನೆಟ್ಟವರು ಯಾರೆಂಬುದು ಅನೇಕ ಮನೆಗಳಲ್ಲಿ ಈಗ ಯಾರಿಗೂ ನೆನಪಿಲ್ಲ. ಅಂತಹ ಮರವೊಂದು ಒಂದು ಬೇಸಿಗೆಯಲ್ಲಿ ಚಿಗುರದೆ ನಿಂತುಬಿಟ್ಟರೆ "ವಯಸ್ಸಾಗಿತ್ತು, ಹೋಯಿತು" ಎಂದು ಹೇಳಿ ಕೊಡಲಿ ತರುತ್ತೇವೆ. ಆದರೆ ದನಕರುಗಳಿಗೆ ಇರುವಂತೆ ಮರಕ್ಕೆ ಇಷ್ಟೇ ವರ್ಷವೆಂಬ ಗೊತ್ತಾದ ಆಯುಷ್ಯವಿಲ್ಲ. ಅದು ಪ್ರತಿ ವರ್ಷವೂ ತೊಗಟೆಯ ಕೆಳಗೆ ಹೊಸ ಮರದ ಪದರವನ್ನು ಕಟ್ಟುತ್ತಲೇ ಹೋಗುತ್ತದೆ. ದೊಡ್ಡ ಮರ ಸತ್ತಿದೆಯೆಂದರೆ ಬಹುಮಟ್ಟಿಗೆ ಅದನ್ನು ಯಾವುದೋ ಒಂದು ಕಾರಣ ಕೊಂದಿದೆ ಎಂದೇ ಅರ್ಥ. ಆ ಕಾರಣ ಯಾವುದೆಂಬುದನ್ನು ಉಷ್ಣವಲಯದ ಕಾಡುಗಳಲ್ಲಿ ವಿಜ್ಞಾನಿಗಳು ಹಲವು ದಶಕಗಳಿಂದ ಹುಡುಕುತ್ತಿದ್ದಾರೆ. ಅವರು ಕಂಡುಕೊಂಡ ವಿಷಯಗಳಲ್ಲಿ ಕೆಲವು ನಿಮ್ಮ ಬದುವಿನ ಮರಕ್ಕೂ ನೇರವಾಗಿ ಅನ್ವಯಿಸುತ್ತವೆ.

ದೊಡ್ಡ ಮರವೆಂದರೆ ಎಷ್ಟು ದೊಡ್ಡದು?

ಮರದ ಅಳತೆಯನ್ನು ನೆಲದಿಂದ 1.3 ಮೀಟರ್, ಅಂದರೆ ಸುಮಾರು ಎದೆಯ ಎತ್ತರದಲ್ಲಿ ತೆಗೆದುಕೊಳ್ಳುವುದು ವಾಡಿಕೆ. ಟೇಪಿನಿಂದ ಸುತ್ತಳತೆ ತೆಗೆದು ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. 60 ಸೆಂ.ಮೀ. ವ್ಯಾಸ, ಅಂದರೆ ಸುಮಾರು 6 ಅಡಿ ಸುತ್ತಳತೆಯನ್ನು ಮೀರಿದ ಮರಗಳನ್ನು ಸಂಶೋಧಕರು ಸಾಮಾನ್ಯವಾಗಿ ದೊಡ್ಡ ಮರಗಳೆಂದು ಪರಿಗಣಿಸುತ್ತಾರೆ.

ಈಗ ಒಂದು ಲೆಕ್ಕವನ್ನು ನೋಡಿರಿ. ಮಧ್ಯಮ ಗಟ್ಟಿತನದ ಒಂದು ಜಾತಿಯನ್ನು ತೆಗೆದುಕೊಳ್ಳೋಣ. 20 ಸೆಂ.ಮೀ. ವ್ಯಾಸ ಮತ್ತು 12 ಮೀಟರ್ ಎತ್ತರವಿರುವ ಮರದ ಒಣತೂಕ, ಬೇರನ್ನು ಬಿಟ್ಟು, ಸುಮಾರು 160 ಕಿಲೋ ಆಗುತ್ತದೆ. ಅದೇ ಜಾತಿಯ ಮರ 1 ಮೀಟರ್ ವ್ಯಾಸಕ್ಕೂ 25 ಮೀಟರ್ ಎತ್ತರಕ್ಕೂ ಬೆಳೆದಾಗ ಅದರ ಒಣತೂಕ ಸುಮಾರು ಏಳೂವರೆ ಟನ್. ವ್ಯಾಸ ಐದು ಪಟ್ಟು ಹೆಚ್ಚಾದರೆ ತೂಕ ಹೆಚ್ಚುವುದು ನಲವತ್ತೇಳು ಪಟ್ಟು! ಒಣಗಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ ಇರುತ್ತದೆ. ಆದುದರಿಂದ ಆ ಒಂದು ಮರದಲ್ಲಿ ಸುಮಾರು ಮೂರೂವರೆ ಟನ್ ಇಂಗಾಲ ಕುಳಿತಿದೆ. ಅದೆಲ್ಲವೂ ಸುಟ್ಟು ಅಥವಾ ಕೊಳೆತು ಗಾಳಿಗೆ ಹೋದರೆ ಸುಮಾರು 13 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇಂಗಾಲದ ಒಂದು ಭಾಗಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಮೂರೂಮುಕ್ಕಾಲು ಪಟ್ಟಿನಷ್ಟು ಆಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಪ್ರಪಂಚದ 48 ಕಡೆ ಗುರುತಿಸಿದ ಕಾಡಿನ ತಾಕುಗಳ ಅಳತೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ಸಂಗತಿ ಬೇರೆ ರೀತಿಯಲ್ಲಿ ಕಂಡುಬಂದಿತು. ನೂರು ಮರಗಳಲ್ಲಿ ಅತಿ ದೊಡ್ಡದಾದ ಒಂದೇ ಒಂದು ಮರದ ಪಾಲಿಗೆ ಆ ಕಾಡಿನ ಒಟ್ಟು ತೂಕದ ಅರ್ಧದಷ್ಟು ಬರುತ್ತದೆ. ಹಳೆಯ ಮರ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ, ಅದನ್ನು ಕಡಿದು ಸಸಿ ನೆಟ್ಟರೆ ಲಾಭ ಎಂಬ ಮಾತೂ ಪೂರ್ತಿ ನಿಜವಲ್ಲ. 403 ಜಾತಿಯ ಮರಗಳ ಬೆಳವಣಿಗೆಯನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ಅದು ವರ್ಷಕ್ಕೆ ಕೂಡಿಸಿಕೊಳ್ಳುವ ತೂಕ ಹೆಚ್ಚುತ್ತಲೇ ಇದ್ದುದು ತಿಳಿದುಬಂದಿತು. ಸುತ್ತಳತೆ ಹೆಚ್ಚುವುದು ಕಣ್ಣಿಗೆ ಕಾಣದಿರಬಹುದು. ಆದರೆ ಅಷ್ಟು ದಪ್ಪ ಕಾಂಡದ ಸುತ್ತ ಬೆರಳಿನ ಉಗುರಿನಷ್ಟು ಪದರ ಸೇರಿದರೂ ಅದರ ತೂಕ ಒಂದು ಎಳೆಯ ಮರದಷ್ಟು ಆಗುತ್ತದೆ.

ಪನಾಮಾದ ದ್ವೀಪದಲ್ಲಿ ಸಿಡಿಲಿನ ಲೆಕ್ಕ

ಮಧ್ಯ ಅಮೆರಿಕದ ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಎಂಬ ದೊಡ್ಡ ಕೆರೆ ಉಂಟಾಯಿತು. ಆಗ ಮುಳುಗದೆ ಉಳಿದ ಒಂದು ಗುಡ್ಡವೇ ಬಾರೊ ಕೊಲೊರಾಡೊ ದ್ವೀಪ. 1923ರಿಂದ ಅದನ್ನು ಸಂಶೋಧನೆಗಾಗಿ ಕಾಯ್ದಿರಿಸಲಾಗಿದೆ. ಈಗ ಅದನ್ನು ಸ್ಮಿತ್ಸೋನಿಯನ್ ಸಂಸ್ಥೆ ನೋಡಿಕೊಳ್ಳುತ್ತದೆ. 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ವಿಜ್ಞಾನಿಗಳು ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಬೆರಳಿನಷ್ಟು ದಪ್ಪದ ಗಿಡದಿಂದ ಹಿಡಿದು ಪ್ರತಿಯೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿಸಿದರು. ಸುಮಾರು ಐದು ವರ್ಷಕ್ಕೊಮ್ಮೆ ಅವುಗಳ ಗಣತಿ ನಡೆಯುತ್ತದೆ. ಯಾವ ಮರ ಸತ್ತಿತೆಂಬುದು ಇದರಿಂದ ಗೊತ್ತಾಗುತ್ತಿತ್ತು. ಏಕೆ ಸತ್ತಿತೆಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಗಣತಿಗೆ ಬಂದವರು ನೋಡುವ ವೇಳೆಗೆ ಮರ ಕೊಳೆತು ನೆಲಕ್ಕೆ ಒರಗಿರುತ್ತಿತ್ತು.

ಸಿಡಿಲನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿಡಿಲು ಬಡಿದ ಮರವೆಂದರೆ ಸೀಳಿ ಹೋಗಿರಬೇಕು, ಇಲ್ಲವೆ ಸುಟ್ಟು ಕರಕಲಾಗಿರಬೇಕು ಎಂಬುದು ಎಲ್ಲರ ಎಣಿಕೆ. ಅಂತಹ ಮರಗಳು ಅಲ್ಲಿ ಅಪರೂಪ. ಸ್ಟೀವ್ ಯಾನೊವಿಯಾಕ್ ಮತ್ತು ಇವಾನ್ ಗೋರಾ ಎಂಬ ಸಂಶೋಧಕರು ಎತ್ತರದ ಗೋಪುರಗಳ ಮೇಲೆ ಕ್ಯಾಮೆರಾಗಳನ್ನೂ ವಿದ್ಯುತ್ ಕ್ಷೇತ್ರ ಅಳೆಯುವ ಉಪಕರಣಗಳನ್ನೂ ಇಟ್ಟು, ಸಿಡಿಲು ಬಿದ್ದ ಜಾಗವನ್ನು ಗುರುತು ಹಿಡಿದು, ಅಲ್ಲಿಗೆ ಹೋಗಿ ಮತ್ತೆ ಮತ್ತೆ ಪರೀಕ್ಷಿಸಿದರು. ಸಿಡಿಲಿನ ಪೆಟ್ಟು ತಿಂದ ಹೆಚ್ಚಿನ ಮರಗಳಲ್ಲಿ ಮೊದಲ ದಿನ ಏನೂ ಕಾಣುವುದಿಲ್ಲ. ಕೆಲವು ವಾರಗಳಲ್ಲಿ ಎಲೆಗಳು ಕಂದುತ್ತವೆ, ತಿಂಗಳುಗಳು ಕಳೆದಂತೆ ಕೊಂಬೆಗಳು ಒಣಗುತ್ತವೆ. ವಿದ್ಯುತ್ತು ಒಂದು ಮರದಲ್ಲೇ ನಿಲ್ಲದೆ ಕೊಂಬೆಯಿಂದ ಕೊಂಬೆಗೆ ಗಾಳಿಯಲ್ಲಿ ನೆಗೆದು ಪಕ್ಕದ ಮರಗಳಿಗೂ ಹಾಯುತ್ತದೆ. ಆದ್ದರಿಂದ ಸುತ್ತಲಿನ ಮರಗಳಲ್ಲಿ ಪೆಟ್ಟು ತಿಂದ ಮರದ ಕಡೆಗೆ ಚಾಚಿದ ಕೊಂಬೆಗಳು ಮಾತ್ರ ಒಣಗಿರುವುದು ಒಂದು ಗುರುತು. ತೆಂಗಿನ ತೋಟವಿರುವವರಿಗೆ ಇದು ಹೊಸದಲ್ಲ. ಒಂದು ಮರಕ್ಕೆ ಸಿಡಿಲು ಬಡಿದರೆ ಆಮೇಲೆ ಪಕ್ಕದ ಎರಡು ಮೂರು ಮರಗಳ ಸುಳಿಯೂ ಬಾಗುವುದನ್ನು ನೀವು ಕಂಡಿರಬಹುದು.

2020ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಒಂದೊಂದು ಸಿಡಿಲು ಸರಾಸರಿ 3.5 ಮರಗಳನ್ನು ನೇರವಾಗಿ ಕೊಲ್ಲುತ್ತದೆ, ಇನ್ನೂ 11.4 ಮರಗಳಿಗೆ ಹಾನಿ ಮಾಡುತ್ತದೆ. ಆ ಕಾಡಿನಲ್ಲಿ ಸಾಯುವ 60 ಸೆಂ.ಮೀ. ವ್ಯಾಸ ಮೀರಿದ ಮರಗಳ ಪೈಕಿ ಶೇಕಡಾ 40.5ರಷ್ಟರ ಸಾವಿಗೆ ಸಿಡಿಲೇ ಕಾರಣ. ಪೆಟ್ಟು ತಿಂದು ನಿಧಾನವಾಗಿ ಸಾಯುವವುಗಳನ್ನು ಸೇರಿಸಿದರೆ ಇನ್ನೂ ಶೇಕಡಾ 9ರಷ್ಟು ಹೆಚ್ಚಾಗುವ ಸಂಭವವಿದೆ. ಎತ್ತರದ ಮರವೇ ಸಿಡಿಲಿಗೆ ಮೊದಲು ಸಿಗುವುದರಿಂದ ಸಣ್ಣ ಮರಗಳ ಸಾವಿನಲ್ಲಿ ಅದರ ಪಾತ್ರ ಕಡಿಮೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಹೊಂಗೆ, ಬೀಟೆಗಳ ಕುಟುಂಬಕ್ಕೇ ಸೇರಿದ ಡಿಪ್ಟೆರಿಕ್ಸ್ ಒಲಿಫೆರಾ ಎಂಬ ದೈತ್ಯ ಮರ ಅಲ್ಲಿದೆ. ಸಿಡಿಲಿನ ನೇರ ಪೆಟ್ಟು ತಿಂದ ಈ ಜಾತಿಯ 9 ಮರಗಳನ್ನು ಗಮನಿಸಿದಾಗ ಒಂಬತ್ತೂ ಬದುಕಿದ್ದವು. ಪೆಟ್ಟು ತಿಂದ ಇತರ ಜಾತಿಯ ಮರಗಳಲ್ಲಿ ಎರಡು ವರ್ಷಗಳೊಳಗೆ ಶೇಕಡಾ 64ರಷ್ಟು ಸತ್ತವು. ಅಷ್ಟೇ ಅಲ್ಲ, ಸಿಡಿಲು ಡಿಪ್ಟೆರಿಕ್ಸ್ ಮರವನ್ನು ಹಬ್ಬಿದ್ದ ಬಳ್ಳಿಗಳನ್ನೂ ಬೆಳಕಿಗೆ ಪೈಪೋಟಿ ಮಾಡುತ್ತಿದ್ದ ನೆರೆಯ ಮರಗಳನ್ನೂ ಕೊಂದು, ಅದಕ್ಕೆ ಉಪಕಾರವನ್ನೇ ಮಾಡಿತ್ತು. ಜಾತಿಯಿಂದ ಜಾತಿಗೆ ಇಷ್ಟು ವ್ಯತ್ಯಾಸವಿರುವುದರಿಂದ ಒಂದು ಕಾಡಿನ ಅಂಕಿಯನ್ನು ಇನ್ನೊಂದು ಕಾಡಿಗೆ ಹಾಗೆಯೇ ಹಚ್ಚಲು ಬರುವುದಿಲ್ಲ.

ನೀರಿನ ಎಳೆ ಹರಿದಾಗ

ಎರಡನೆಯ ದೊಡ್ಡ ಶತ್ರು ಬರ. ದೊಡ್ಡ ಮರಕ್ಕೆ ಆಳದ ಬೇರು ಇರುತ್ತದೆ, ಬರವನ್ನು ಅದು ತಡೆದುಕೊಳ್ಳುತ್ತದೆ ಎಂದು ನಾವು ತಿಳಿದಿದ್ದೇವೆ. ಒಂದೆರಡು ವರ್ಷದ ಬರಕ್ಕೆ ಇದು ನಿಜವಿರಬಹುದು. ಬ್ರೆಜಿಲ್ ದೇಶದ ಪಾರಾ ರಾಜ್ಯದ ಅಮೆಜಾನ್ ಕಾಡಿನಲ್ಲಿ ಇದನ್ನು ಪರೀಕ್ಷಿಸಲು ಎರಡು ಕಡೆ ದೊಡ್ಡ ಪ್ರಯೋಗಗಳು ನಡೆದವು. ಮರಗಳ ಕೆಳಗೆ, ಆಳೆತ್ತರದಲ್ಲಿ ಪ್ಲಾಸ್ಟಿಕ್ ಹಾಳೆಗಳ ಚಾವಣಿ ಹಾಕಿ, ಬಿದ್ದ ಮಳೆಯ ಅರ್ಧದಷ್ಟನ್ನು ಕಾಲುವೆಗಳಲ್ಲಿ ಹೊರಗೆ ಸಾಗಿಸಿಬಿಟ್ಟರು. ತಪಜೋಸ್ ಎಂಬಲ್ಲಿ ಮೊದಲ ವರ್ಷಗಳಲ್ಲಿ ಮರಗಳು ತಡೆದುಕೊಂಡವು. ಅನಂತರ ದೊಡ್ಡ ಮರಗಳ ಸಾವು ನಾಲ್ಕೂವರೆ ಪಟ್ಟು ಏರಿತು, ಮಧ್ಯಮ ಗಾತ್ರದವುಗಳದು ಎರಡು ಪಟ್ಟು ಮಾತ್ರ. ಕಾಶಿಯುವಾನಾ ಎಂಬಲ್ಲಿ 2002ರಲ್ಲಿ ಪ್ರಾರಂಭವಾದ ಪ್ರಯೋಗ ಎರಡು ದಶಕಗಳನ್ನು ದಾಟಿತು. ಅಲ್ಲಿ ಕಾಡಿನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟವಾಯಿತು. ದೊಡ್ಡವು ಸತ್ತು ನೀರಿನ ಪೈಪೋಟಿ ಕಡಿಮೆಯಾದ ಮೇಲೆ ಉಳಿದವು ಸುಧಾರಿಸಿಕೊಂಡವು.

ಇದರ ಕಾರಣವನ್ನು ತಿಳಿಯಲು ನಿಮ್ಮ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿರಿ. ಹೀರುಕೊಳವೆಯಲ್ಲಿ ಎಲ್ಲಿಯಾದರೂ ಗಾಳಿ ನುಗ್ಗಿದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಏರುವುದಿಲ್ಲ. ಮರದೊಳಗಿನ ನೀರನ್ನೂ ಮೇಲಿನಿಂದಲೇ ಎಳೆಯಲಾಗುತ್ತದೆ. ಎಲೆಯಿಂದ ನೀರು ಆವಿಯಾದಂತೆ, ಕೂದಲಿನಷ್ಟು ಸಣ್ಣ ನಾಳಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ನೀರಿನ ಎಳೆ ಬೇರಿನಿಂದ ಮೇಲಕ್ಕೆ ಜಗ್ಗಲ್ಪಡುತ್ತದೆ. ಮಣ್ಣು ಒಣಗಿ, ಮೇಲೆ ಬಿಸಿಲು ಮತ್ತು ಒಣಗಾಳಿ ಹೆಚ್ಚಾದಾಗ ಈ ಜಗ್ಗಾಟ ಮಿತಿ ಮೀರಿ ಎಳೆ ತುಂಡಾಗುತ್ತದೆ, ನಾಳದಲ್ಲಿ ಗಾಳಿಯ ಗುಳ್ಳೆ ತುಂಬುತ್ತದೆ. ಎತ್ತರದ ಮರದಲ್ಲಿ ಎಳೆ ಉದ್ದ, ನೆತ್ತಿಯ ಎಲೆಗಳಿಗೆ ನೆರಳಿನ ಆಸರೆಯೂ ಇಲ್ಲ. ಕಾಶಿಯುವಾನಾದಲ್ಲಿ ಸಾಯುತ್ತಿದ್ದ ಮರಗಳ ಕಾಂಡದಲ್ಲಿ ಸಕ್ಕರೆ ಮತ್ತು ಪಿಷ್ಟದ ದಾಸ್ತಾನು ಇನ್ನೂ ಇತ್ತು. ಅವು ಹಸಿವಿನಿಂದ ಸಾಯಲಿಲ್ಲ, ನೀರಿನ ಕೊಳವೆ ಒಡೆದು ಸತ್ತವು.

ಗಾಳಿ, ಬಳ್ಳಿ, ಬೆಂಕಿ ಮತ್ತು ಬಯಲಾದ ಅಂಚು

ಮಳೆಗಾಲದ ಬಿರುಗಾಳಿ ದೊಡ್ಡ ಮರಗಳನ್ನು ಬುಡಸಮೇತ ಕೀಳುತ್ತದೆ. ನೆಲ ನೆನೆದು ಬೇರಿನ ಹಿಡಿತ ಸಡಿಲವಾಗಿರುವಾಗ ಇದು ಹೆಚ್ಚು. ದಪ್ಪ ಬಳ್ಳಿಗಳು ನೆತ್ತಿಯನ್ನು ಮುಚ್ಚಿ ಬೆಳಕನ್ನು ಕಸಿದುಕೊಳ್ಳುತ್ತವೆ, ಭಾರವನ್ನೂ ಹೇರುತ್ತವೆ.

ಕಾಡನ್ನು ತುಂಡು ತುಂಡಾಗಿ ಕಡಿದಾಗ ಉಳಿದ ತುಂಡಿನ ಗತಿ ಏನೆಂಬುದನ್ನು ಬ್ರೆಜಿಲ್ಲಿನ ಮನೌಸ್ ಪಟ್ಟಣದ ಬಳಿ 1979ರಿಂದ ಅಭ್ಯಸಿಸಲಾಗುತ್ತಿದೆ. ಬಯಲಿನ ಅಂಚಿನಿಂದ 300 ಮೀಟರ್ ಒಳಗಿರುವ ದೊಡ್ಡ ಮರಗಳು ಒಳಗಾಡಿನ ಮರಗಳಿಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಸಾಯುತ್ತವೆಂದು 2000ದಲ್ಲಿ ವರದಿಯಾಯಿತು. ಅಂಚಿನಲ್ಲಿ ಗಾಳಿ ನೇರವಾಗಿ ಬೀಸುತ್ತದೆ, ಬಿಸಿಲು ಒಳನುಗ್ಗುತ್ತದೆ, ಬಳ್ಳಿಗಳು ದಟ್ಟವಾಗುತ್ತವೆ. ನಮ್ಮ ಮಲೆನಾಡಿನಲ್ಲಿ ತೋಟ ಮಾಡುವಾಗ "ಇದೊಂದು ಮರ ಇರಲಿ" ಎಂದು ಬಿಟ್ಟ ಕಾಡುಮರ ಕೆಲವು ವರ್ಷಗಳಲ್ಲಿ ತುದಿಯಿಂದ ಒಣಗುತ್ತಾ ಬರುವುದಕ್ಕೂ ಇಂತಹ ಕಾರಣಗಳಿರಬಹುದು. ಗುಂಪಿನ ಮಧ್ಯೆ ಬೆಳೆದ ಮರ ಒಂಟಿಯಾಗಿ ನಿಲ್ಲಲು ಸಿದ್ಧವಾಗಿರುವುದಿಲ್ಲ. ಬಿಡುವುದಾದರೆ ನಾಲ್ಕಾರು ಮರಗಳ ಗುಂಪನ್ನೇ ಬಿಡುವುದು ಮೇಲು.

ಒಣಕಾಡಿನ ಸ್ಥಿತಿ ಬೇರೆ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಪನಾಮಾದ ಮಾದರಿಯಲ್ಲೇ 50 ಹೆಕ್ಟೇರ್ ತಾಕನ್ನು ಸ್ಥಾಪಿಸಿದರು. ಅಲ್ಲಿ ಬೆಂಕಿ ಮತ್ತು ಆನೆಗಳಿಂದ ಸಾಯುವುದು ಹೆಚ್ಚಾಗಿ ಎಳೆಯ ಗಿಡಗಳು, ದಪ್ಪ ತೊಗಟೆಯ ದೊಡ್ಡ ಮರಗಳ ಸಾವು ಬಹಳ ಕಡಿಮೆ. ಅಂತಹ ಕಡೆ ದೊಡ್ಡ ಮರ ಸತ್ತರೆ ಆ ಜಾಗವನ್ನು ತುಂಬಲು ಎಳೆಯದು ಮೇಲೇರುವುದೇ ಕಷ್ಟ.

ಇಂಗಾಲದ ಕೆರೆ

ಕಾಡನ್ನು ಒಂದು ಕೆರೆಯೆಂದು ಭಾವಿಸಿರಿ. ಮರಗಳ ಬೆಳವಣಿಗೆಯಿಂದ ಇಂಗಾಲ ಒಳಗೆ ಬರುತ್ತದೆ, ಮರಗಳ ಸಾವು ಅದರ ತೂಬು. ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆಂಬುದು ಒಳಹರಿವನ್ನು ಮಾತ್ರ ಅವಲಂಬಿಸಿಲ್ಲ, ತೂಬು ಎಷ್ಟು ತೆರೆದಿದೆ ಎಂಬುದನ್ನೂ ಅವಲಂಬಿಸಿದೆ. ನೂರು ಮರಗಳಲ್ಲಿ ವರ್ಷಕ್ಕೆ ಒಂದು ಸಾಯುತ್ತಿದ್ದರೆ ಇಂಗಾಲ ಸರಾಸರಿ ನೂರು ವರ್ಷ ಮರದಲ್ಲಿ ನಿಲ್ಲುತ್ತದೆ. ಅದು ಎರಡಕ್ಕೆ ಏರಿದರೆ ಐವತ್ತೇ ವರ್ಷ. ಬೆಳವಣಿಗೆ ಮೊದಲಿನಷ್ಟೇ ಇದ್ದರೂ ಕಾಲಕ್ರಮದಲ್ಲಿ ದಾಸ್ತಾನು ಅರ್ಧಕ್ಕೆ ಇಳಿಯುತ್ತದೆ. ಕಾಡು ಹಸಿರಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಕೆರೆ ಅರ್ಧ ಬತ್ತಿರುತ್ತದೆ.

ಇದು ಬರಿಯ ಊಹೆಯಲ್ಲ. ಅಮೆಜಾನ್ ಮತ್ತು ಆಫ್ರಿಕಾದ ನೂರಾರು ತಾಕುಗಳ ಅಳತೆಯನ್ನು ಆಧರಿಸಿದ 2020ರ ಅಧ್ಯಯನದಂತೆ, ಕೊಡಲಿ ಬೀಳದ ಉಷ್ಣವಲಯದ ಕಾಡುಗಳು 1990ರ ದಶಕದಲ್ಲಿ ಗಾಳಿಯಿಂದ ಸುಮಾರು 4,600 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ತೆಗೆದುಹಾಕಿದ್ದವು. 2010ರ ದಶಕದಲ್ಲಿ ಅದು ಸುಮಾರು 2,500 ಕೋಟಿ ಟನ್ನಿಗೆ ಇಳಿಯಿತು. ಮನುಷ್ಯರು ಹೊರಬಿಟ್ಟ ಅನಿಲದಲ್ಲಿ ಈ ಕಾಡುಗಳು ಹೀರಿದ ಪಾಲು ಶೇಕಡಾ 17ರಿಂದ 6ಕ್ಕೆ ಇಳಿದಂತಾಯಿತು. ಕಾಡಿನ ವಿಸ್ತಾರ ಕುಗ್ಗಿದ್ದು ಒಂದು ಕಾರಣ, ಉಳಿದ ಕಾಡಿನಲ್ಲಿ ಮರಗಳ ಸಾವು ಹೆಚ್ಚಿದ್ದು ಇನ್ನೊಂದು.

ಸತ್ತ ಮರದ ಇಂಗಾಲ ಅಂದೇ ಗಾಳಿಗೆ ಹೋಗುವುದಿಲ್ಲ. ಕಾಡಿನಲ್ಲಿ ಬಿದ್ದ ದಿಮ್ಮಿಯನ್ನು ಗೆದ್ದಲು ಮತ್ತು ಅಣಬೆಗಳು ತಿಂದು ಮುಗಿಸಲು ವರ್ಷಗಳು, ಗಟ್ಟಿಮರವಾದರೆ ದಶಕಗಳೇ ಹಿಡಿಯುತ್ತವೆ. ಹಲಸಿನ ದಿಮ್ಮಿ ಬಾಗಿಲು, ತೊಲೆಯಾದರೆ ಎರಡು ಮೂರು ತಲೆಮಾರು ಮನೆಯಲ್ಲೇ ನಿಲ್ಲುತ್ತದೆ. ಅದೇ ದಿಮ್ಮಿ ಇಟ್ಟಿಗೆ ಗೂಡಿಗೆ ಹೋದರೆ ನೂರು ವರ್ಷದ ಗಳಿಕೆ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಸಸಿ ನೆಟ್ಟು ತುಂಬಿಕೊಡುತ್ತೇವೆ ಎನ್ನುವವರು ಮೇಲಿನ ಲೆಕ್ಕವನ್ನು ಮರೆಯಬಾರದು. ಒಂದು ದೊಡ್ಡ ಮರಕ್ಕೆ ಸರಿಗಟ್ಟಲು ನಲವತ್ತೇಳು ಸಸಿಗಳು ಬದುಕಿ, ಎರಡು ಅಡಿ ಸುತ್ತಳತೆಗೆ ಬರಬೇಕು.

ನಮ್ಮ ಹೊಲಗಳಲ್ಲಿ ಏನಾಗುತ್ತಿದೆ?

ಉಪಗ್ರಹ ಚಿತ್ರಗಳಿಂದ ಭಾರತದ ಹೊಲಗಳಲ್ಲಿರುವ ಮರಗಳನ್ನು ಒಂದೊಂದಾಗಿ ಎಣಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. 2010-11ರಲ್ಲಿ ಕಂಡಿದ್ದ ದೊಡ್ಡ ಮರಗಳಲ್ಲಿ ಸುಮಾರು ಶೇಕಡಾ 11ರಷ್ಟು 2018ರ ವೇಳೆಗೆ ಇಲ್ಲವಾಗಿದ್ದವು. 2018ರಿಂದ 2022ರ ಒಳಗೆ ಇನ್ನೂ 50 ಲಕ್ಷಕ್ಕಿಂತ ಹೆಚ್ಚು ಮರಗಳು ಮಾಯವಾದವು. ಇವುಗಳಲ್ಲಿ ಎಷ್ಟೋ ಮರಗಳನ್ನು ಕಡಿದವರು ರೈತರೇ. ನೆರಳಿನಿಂದ ಬೆಳೆ ಕಡಿಮೆಯಾಗುತ್ತದೆ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿ ಎಂಬುದು ಅವರ ದೂರು. ಈ ದೂರನ್ನು ಸುಳ್ಳೆನ್ನಲು ಬರುವುದಿಲ್ಲ. ಹುಣಸೆಯ ಕೆಳಗೆ ರಾಗಿ ಸೊರಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಶುಚಿಮಾಡುವ ಲಾಭ ಊರಿಗೆಲ್ಲ, ನಷ್ಟ ಮಾತ್ರ ಹೊಲದ ಒಡೆಯನಿಗೆ ಎಂಬುದು ನ್ಯಾಯವೂ ಅಲ್ಲ. ಆದರೆ ಕಡಿಯುವ ಮನಸ್ಸಿಲ್ಲದವರ ಮರಗಳೂ ಸಾಯುತ್ತಿವೆ. ಅವು ಸಾಯುವುದು ತಡೆಯಬಹುದಾದ ಕಾರಣಗಳಿಂದ.

ಮರದ ಆಹಾರಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ಇದ್ದು, ನೆತ್ತಿಯ ನೆರಳಿಗಿಂತ ಆಚೆಗೂ ಹರಡಿರುತ್ತವೆ. ಮರದ ಗುಂಟ ಟ್ರ್ಯಾಕ್ಟರಿನಿಂದ ಆಳವಾಗಿ ಉತ್ತರೆ ಒಂದು ಕಡೆಯ ಬೇರುಗಳೆಲ್ಲ ಕತ್ತರಿಸಿ ಹೋಗುತ್ತವೆ. ಮರ ಸಾಯುವುದು ಮುಂದಿನ ಬರಕ್ಕೆ, ಅಥವಾ ಬೀಳುವುದು ಮುಂದಿನ ಬಿರುಗಾಳಿಗೆ. ಅಷ್ಟು ಹೊತ್ತಿಗೆ ನೇಗಿಲಿನ ವಿಷಯ ಮರೆತಿರುತ್ತದೆ. ನೆರಳಿನ ಅರ್ಧದಷ್ಟು ಜಾಗವನ್ನಾದರೂ ಆಳದ ಉಳುಮೆಯಿಂದ ಬಿಡತಕ್ಕದ್ದು. ಅಲ್ಲಿ ಹೇಗೂ ಬೆಳೆ ಸರಿಯಾಗಿ ಬರುವುದಿಲ್ಲ, ಹುಲ್ಲು ಬೆಳೆಸಿಕೊಳ್ಳಬಹುದು. ಬೊಡ್ಡೆಗೆ ಮಣ್ಣು ಏರಿಸಿ ಗುಡ್ಡೆ ಮಾಡುವುದೂ ತಪ್ಪು. ಅದರಿಂದ ಬೇರಿಗೆ ಉಸಿರಾಟ ನಿಲ್ಲುತ್ತದೆ.

ಕಬ್ಬಿನ ರವದಿ, ಅಡಿಕೆ ಸಿಪ್ಪೆ, ಬದುವಿನ ಕಸವನ್ನು ಮರದ ಬುಡದಲ್ಲಿ ಸುಡುವ ರೂಢಿಯನ್ನು ಬಿಡಲೇಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಬೆಂಕಿಯಿಂದ ಆ ಪದರ ಸುತ್ತಲೂ ಬೆಂದರೆ ಬೇರು ಹಸಿದು ಸಾಯುತ್ತದೆ, ಒಂದೆರಡು ವರ್ಷದ ಅನಂತರ ಮರವೂ ಸಾಯುತ್ತದೆ. ಸೊಪ್ಪಿಗಾಗಿ ಕೊಂಬೆ ಸವರುವವರು ಮೊಂಡು ಉಳಿಸದೆ, ತೊಗಟೆ ಸೀಳದೆ, ಒಂದೇ ವರ್ಷ ಇಡೀ ನೆತ್ತಿಯನ್ನು ಬೋಳಿಸದೆ ಸವರಬೇಕು. ಮಾವು ಮತ್ತಿತರ ಮರಗಳ ಮೇಲಿನ ಬಂದಳಿಕೆಯನ್ನು ಅದು ಹಣ್ಣು ಬಿಡುವ ಮೊದಲೇ, ಅಂಟಿಕೊಂಡ ಜಾಗಕ್ಕಿಂತ ಕೆಳಗೆ ಕೊಂಬೆಸಹಿತ ಕತ್ತರಿಸಿ ತೆಗೆಯಿರಿ. ನೆತ್ತಿಯನ್ನು ಮುಚ್ಚಿದ ಬಳ್ಳಿಯನ್ನು ಬುಡದಲ್ಲಿ ಕಡಿದು ಹಾಗೆಯೇ ಒಣಗಲು ಬಿಡಿರಿ, ಎಳೆದರೆ ಕೊಂಬೆಯೂ ಜೊತೆಗೆ ಬರುತ್ತದೆ.

ಕಾಂಡ ಪೊಳ್ಳಾದ ಮಾತ್ರಕ್ಕೆ ಮರ ಸತ್ತಿತೆಂದು ತಿಳಿಯಬಾರದು. ಮಧ್ಯದ ಚೇಗು ನಿರ್ಜೀವ, ನೀರು ಸಾಗುವುದು ಹೊರಗಿನ ಬಿಳಿಮರದಲ್ಲಿ. ಅಂತಹ ಪೊಟರೆಗಳಲ್ಲಿ ಗೂಬೆಗಳು ನೆಲೆಸಿ ಹೊಲದ ಇಲಿಗಳನ್ನು ಹಿಡಿಯುತ್ತವೆ. ಮನೆ, ಕೊಟ್ಟಿಗೆ, ದಾರಿಯ ಮೇಲೆ ಬೀಳುವಂತಿರುವ ಮರವನ್ನು ಮಾತ್ರ ತಡಮಾಡದೆ ತೆಗೆಸಬೇಕು. ಅದಕ್ಕೂ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಆ ಜಾತಿಗೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿರಿ. ಇನ್ನು ಸಿಡಿಲು. ಪನಾಮಾದ ಅಂಕಿಗಳನ್ನು ನೋಡಿದ ಮೇಲೆ ಗುಡುಗು ಕೇಳಿಸಿದಾಗ ದೊಡ್ಡ ಮರದ ಕೆಳಗೆ ನಿಲ್ಲಬಾರದು, ದನಗಳನ್ನೂ ಕಟ್ಟಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಮರದಿಂದ ಮರಕ್ಕೆ ನೆಗೆಯುವ ವಿದ್ಯುತ್ತು ಮನುಷ್ಯನಿಗೂ ನೆಗೆಯುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ನಿಮ್ಮ ಜಮೀನಿನ ಆರು ಅಡಿ ಸುತ್ತಳತೆ ಮೀರಿದ ಮರಗಳಿಗೆ ಎದೆಯ ಎತ್ತರದಲ್ಲಿ ಬಣ್ಣದ ಗೆರೆ ಹಾಕಿ, ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅದೇ ಗೆರೆಯ ಮೇಲೆ ಟೇಪು ಹಿಡಿದು, ಜಮಾಖರ್ಚಿನ ಪುಸ್ತಕದಲ್ಲೇ ಒಂದು ಹಾಳೆಯಲ್ಲಿ ಬರೆದಿಡಿರಿ. ಮರವೊಂದು ಒಣಗತೊಡಗಿದರೆ ಮೊದಲು ಒಣಗಿದ್ದು ತುದಿಯೋ ಒಂದು ಪಕ್ಕವೋ, ಹಿಂದಿನ ಎರಡು ವರ್ಷಗಳಲ್ಲಿ ಅದರ ಸುತ್ತ ಉಳುಮೆ, ಬೆಂಕಿ, ಕೊಳವೆಬಾವಿ, ಸಿಡಿಲು ಏನಾದರೂ ನಡೆದಿತ್ತೋ ಎಂಬುದನ್ನು ಅದರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿರಿ. ಕೃಷಿ ಅಧಿಕಾರಿ ಅಥವಾ ವಿಶ್ವವಿದ್ಯಾನಿಲಯದ ತಜ್ಞರು ಬಂದಾಗ ಮೊದಲು ಕೇಳುವುದು ಇದನ್ನೇ.